ನೀವು ಯಾವ ಆ್ಯಪ್ ಮಾಡಿದ್ದೀರಿ ಅಣ್ಣಾ?

ಕಳೆದ ರಜೆಯಲ್ಲಿ ಊರಿಗೆ ಬಂದವನು ಒಂದು ದಿನ ಕಾಲೇಜಿಗೂ ಬಂದಿದ್ದೆ. ಆಫೀಸಿನ ಎದುರು ಸರ್‌ಗಾಗಿ ಕಾಯುತ್ತಿದ್ದಾಗ ಪ್ರಥಮ ಪಿಯುಸಿಯ ಹುಡುಗನೊಬ್ಬ ಹತ್ತಿರ ಬಂದ. "ಅಣ್ಣಾ, ನೀವು ಬೆಂಗಳೂರಲ್ಲಿ ಐಟಿಯಲ್ಲಿ ಇದ್ದೀರಂತೆ ಹೌದಾ? ಯಾವ ಆ್ಯಪ್ ಮಾಡಿದ್ದೀರಿ?" ಎಂದು ಕೇಳಿದ.

ನಾನು ಯಾವ ಆ್ಯಪನ್ನೂ ಮಾಡಿಲ್ಲ. ಹಾಗೆಂದು ಹೇಳಲು ಬಾಯಿ ಬರಲಿಲ್ಲ. "ಸುಮಾರು ಇದೆ ಮಾರಾಯ" ಎಂದು ನಕ್ಕು ಜಾರಿಕೊಂಡೆ. ಆ ಸುಳ್ಳು ಕಿಗ್ಗದ ಬಸ್ಸು ಹತ್ತಿದ ಮೇಲೂ ಚುಚ್ಚುತ್ತಿತ್ತು. ವಾರ್ತಾಪತ್ರಕ್ಕೆ ಏನಾದರೂ ಬರೆದುಕೊಡು ಎಂದು ಸರ್ ಕೇಳಿದಾಗ ಒಪ್ಪಿಕೊಂಡದ್ದು ಆ ಹುಡುಗನಿಗೆ ಸರಿಯಾದ ಉತ್ತರ ಕೊಡಬೇಕೆಂದೇ.

ಇನ್ಫೋಸಿಸ್, ವಿಪ್ರೊದಂಥ ಕಂಪನಿಗಳು ಬೇರೆಯವರಿಗೆ ಸಾಫ್ಟ್‌ವೇರ್ ಮಾಡಿಕೊಟ್ಟು ಹಣ ಪಡೆಯುತ್ತವೆ. ಐಟಿ ಎಂದ ಕೂಡಲೇ ನಮಗೆ ನೆನಪಾಗುವುದು ಅದು. ಆದರೆ ಬ್ಯಾಂಕಿಗೂ ವಿಮಾನ ಕಂಪನಿಗೂ ಔಷಧಿ ಫ್ಯಾಕ್ಟರಿಗೂ ಸಾವಿರಾರು ಕಂಪ್ಯೂಟರುಗಳಿರುತ್ತವೆ. ಅವುಗಳನ್ನು ನೌಕರರಿಗೆ ಕೊಡುವವರು, ಕೆಟ್ಟರೆ ಸರಿಮಾಡುವವರು, ಪಾಸ್‌ವರ್ಡ್ ಮರೆತರೆ ಹೊಸದು ಕೊಡುವವರು, ಕೆಲಸ ಬಿಟ್ಟವರಿಂದ ಲ್ಯಾಪ್‌ಟಾಪ್ ವಾಪಸ್ ಪಡೆಯುವವರು ಒಳಗೇ ಒಂದು ಗುಂಪು ಇರುತ್ತಾರೆ. ಇನ್ಫೋಸಿಸ್ಸಿನಂಥ ಕಡೆಯೂ ಈ ಕೆಲಸಕ್ಕೆ ಜನ ಬೇಕೇಬೇಕು. ಇದಕ್ಕೆ ಇಂಟರ್ನಲ್ ಐಟಿ ಎನ್ನುತ್ತಾರೆ. ನಾನು ಇರುವುದು ಅಲ್ಲಿ. ಕಂಪನಿಗೆ ನಮ್ಮಿಂದ ಒಂದು ರೂಪಾಯಿ ಆದಾಯವಿಲ್ಲ, ನಾವು ಖರ್ಚಿನ ಪಟ್ಟಿಯಲ್ಲಿ ಬರುವವರು. ಎಲ್ಲ ಸರಿಯಿದ್ದಾಗ "ಇವರಿಗೆ ಏನು ಕೆಲಸ?" ಎಂದು ಕೇಳುತ್ತಾರೆ. ಕೆಟ್ಟಾಗಲೂ ಅದನ್ನೇ ಕೇಳುತ್ತಾರೆ, ದನಿ ಮಾತ್ರ ಬೇರೆ.

ಈ ಕೆಲಸದ ಮೊದಲ ಪಾಠ ನನಗೆ ಆಗಿದ್ದು ಸಿರಿಮನೆಯ ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ. ಜಲಪಾತ ನೋಡಲು ಬರುವವರು ಕಾರು ನಿಲ್ಲಿಸಿ, ಫೋಟೊ ತೆಗೆದು ಹೋಗುತ್ತಾರೆ. ಆ ಗುಡ್ಡಗಳ ನೀರೇ ನಮ್ಮ ಮನೆಗಳಿಗೂ ಬರುತ್ತದೆಂದು ಅವರಿಗೆ ಗೊತ್ತಿರುವುದಿಲ್ಲ. ಮೋಟರ್ ಇಲ್ಲ, ಬಾವಿ ಇಲ್ಲ. ಮೇಲೆ ಒರತೆಯ ಬಾಯಿಗೆ ಜಾಲರಿ ಕಟ್ಟಿ ಕರಿ ಪೈಪು ಇಳಿಸಿದರೆ ಮುಗಿಯಿತು, ನೀರು ತಾನಾಗಿ ಅಡುಗೆಮನೆಗೆ ಬರುತ್ತದೆ. ವರ್ಷದಲ್ಲಿ ಹತ್ತು ತಿಂಗಳು ಆ ಪೈಪಿನ ನೆನಪು ಯಾರಿಗೂ ಇರುವುದಿಲ್ಲ. ಆಷಾಢದ ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಉಮ್ಮ ನಲ್ಲಿ ತಿರುಗಿಸಿದರೆ ಬುಸ್ಸೆಂದು ಗಾಳಿ ಮಾತ್ರ ಬರುತ್ತದೆ. ಹೊರಗೆ ಲೋಕವೆಲ್ಲ ನೀರು, ಕೊಡದಲ್ಲಿ ಮಾತ್ರ ನೀರಿಲ್ಲ.

ಆಗ ಉಪ್ಪ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹೊರಡುತ್ತಿದ್ದರು. ಹಿಂದೆ ನಾನು, ಕೈಯಲ್ಲಿ ಕತ್ತಿ ಮತ್ತು ಹಳೇ ಸೈಕಲ್ ಟ್ಯೂಬಿನ ತುಂಡುಗಳು. ಸೀದಾ ಒರತೆಗೇ ಹೋಗೋಣ ಎಂದು ನಾನು ಅವಸರ ಮಾಡಿದರೆ ಉಪ್ಪ ಬಿಡುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಒಂದು ಜಾಯಿಂಟು ಬಿಚ್ಚಿ ನೋಡುವರು. ಅಲ್ಲಿ ನೀರಿದ್ದರೆ ತೊಂದರೆ ಕೆಳಗೆ, ಇಲ್ಲದಿದ್ದರೆ ಮೇಲೆ. ಮೇಲಿನ ಅರ್ಧದಲ್ಲಿ ಮತ್ತೆ ನಡುವೆ ಒಂದು ಜಾಯಿಂಟು. ಹೀಗೆ ಮೂರ್ನಾಲ್ಕು ಸಲದಲ್ಲಿ ದರಗು ಕಟ್ಟಿಕೊಂಡದ್ದು ಜಾಲರಿಗೋ, ಮರದ ಗೆಲ್ಲು ಬಿದ್ದು ಪೈಪು ಕಳಚಿದ್ದೋ, ಗಾಳಿ ಹಿಡಿದದ್ದೋ ಗೊತ್ತಾಗುತ್ತಿತ್ತು. ಗಾಳಿ ಹಿಡಿದಿದ್ದರೆ ಬಾಯಿ ಇಟ್ಟು ಎಳೆಯುವ ಕೆಲಸ ನನ್ನದು. ಇಳಿದು ಬರುವಾಗ ಕಾಲಿಗೆ ಎಷ್ಟು ಇಂಬಳ ಹತ್ತಿದೆ ಎಂದು ಎಣಿಸುವುದೂ ನನ್ನದೇ. ಮನೆಗೆ ಬಂದರೆ ನಲ್ಲಿಯಲ್ಲಿ ನೀರು, ಒಲೆ ಮೇಲೆ ಚಾ. ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದಿರಿ ಎಂದು ನೆಂಟರು ಕೇಳಿದರೆ ಉಪ್ಪ "ಇಲ್ಲೇ" ಎನ್ನುತ್ತಿದ್ದರು.

ಉಪ್ಪನದು ಅಡಿಕೆ ಚೇಣಿ ವ್ಯಾಪಾರ. ದರ ಬಿದ್ದ ವರ್ಷ ಚೇಣಿ ಹಿಡಿದವನ ಕೈ ಖಾಲಿ, ಅದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ನನ್ನ ಪಿಯುಸಿ 2014ರಿಂದ 2016, ಕಾಮರ್ಸ್. ವಾರವೆಲ್ಲ ಕೊಪ್ಪದಲ್ಲಿ ಮಾಮಿ ಮನೆ, ಶನಿವಾರ ಸಹಕಾರ ಸಾರಿಗೆ ಬಸ್ಸಿನಲ್ಲಿ ಊರು. (ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿ ನಡೆಸಿದ ಆ ಬಸ್ಸುಗಳು 2020ರಲ್ಲಿ ನಿಂತುಹೋದವು. ಪಾಸು ಮರೆತ ದಿನ ಇಳಿಸದೆ ಕರೆದುಕೊಂಡು ಹೋದ ಕಂಡಕ್ಟರುಗಳನ್ನು ನಾನು ಈಗಲೂ ನೆನೆಯುತ್ತೇನೆ.) ಅಂಕ ಸಾಧಾರಣ. ಶಿವಮೊಗ್ಗದಲ್ಲಿ ಬಿಸಿಎ ಮಾಡಿದೆ. ಕೋಡಿಂಗ್ ಪರೀಕ್ಷೆ ಇಟ್ಟ ಕಂಪನಿಗಳೆಲ್ಲ ಮೊದಲ ಸುತ್ತಿನಲ್ಲೇ ವಾಪಸ್ ಕಳಿಸಿದವು.

2019ರಲ್ಲಿ ಒಂದು ಹೆಲ್ಪ್‌ಡೆಸ್ಕ್ ಕೆಲಸದ ಸಂದರ್ಶನಕ್ಕೆ ಹೋದಾಗ ಕೇಳಿದ್ದು ಒಂದೇ ಮುಖ್ಯ ಪ್ರಶ್ನೆ: "ನೌಕರನೊಬ್ಬ ಫೋನ್ ಮಾಡಿ ಇಂಟರ್ನೆಟ್ ಬರುತ್ತಿಲ್ಲ ಎನ್ನುತ್ತಾನೆ. ನೀನು ಏನು ಮಾಡುತ್ತೀ?" ನನ್ನ ಇಂಗ್ಲಿಷ್ ಅಲ್ಲಿಗೇ ನಿಂತುಹೋಯಿತು. ಎದುರಿಗಿದ್ದ ಮೇಡಂ ಹಾಸನದ ಕಡೆಯವರು, "ಕನ್ನಡದಲ್ಲೇ ಹೇಳು" ಎಂದರು. ಅವನೊಬ್ಬನಿಗೇ ಇಲ್ಲವೋ ಪಕ್ಕದವರಿಗೂ ಇಲ್ಲವೋ ಎಂದು ಮೊದಲು ಕೇಳುತ್ತೇನೆ, ಆಮೇಲೆ ದಾರಿಯ ಅರ್ಧದಲ್ಲಿ ಎಲ್ಲಿಯಾದರೂ ಪರೀಕ್ಷಿಸುತ್ತೇನೆ, ಅಲ್ಲಿವರೆಗೆ ಬರುತ್ತಿದ್ದರೆ ತೊಂದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ ಎಂದೆ. "ಇದನ್ನು ಎಲ್ಲಿ ಕಲಿತೆ?" ಎಂದರು. ಪೈಪಿನ ಕಥೆ ಹೇಳಿದೆ. ಅವರು ನಗಲಿಲ್ಲ, ಬರೆದುಕೊಂಡರು. ಕೆಲಸ ಸಿಕ್ಕಿತು.

ಸಿಕ್ಕಿದ್ದು ಗುತ್ತಿಗೆ ಕೆಲಸ. ಕೂರುವುದು ದೊಡ್ಡ ಕಂಪನಿಯಲ್ಲಿ, ಸಂಬಳ ಕೊಡುವುದು ಇನ್ಯಾರೋ. ಕುತ್ತಿಗೆಯ ಪಟ್ಟಿಯ ಬಣ್ಣವೇ ಬೇರೆ. ಕಾಯಂ ನೌಕರರದು ನೀಲಿ, ನಮ್ಮದು ಕೇಸರಿ ಹಳದಿ. ಊರಿನಲ್ಲಿ ಮಾತ್ರ ನಾನು "ಸಾಫ್ಟ್‌ವೇರ್". ಆ ಮಾತನ್ನು ನಾನೂ ತಿದ್ದಲಿಲ್ಲ.

ಒಳಗೆ ಕೆಲಸ ಹೇಗೆ ನಡೆಯುತ್ತದೆಂದರೆ, ಯಾರದಾದರೂ ತೊಂದರೆ ಬಂದರೆ ಅದಕ್ಕೊಂದು ಟಿಕೆಟ್ ಆಗುತ್ತದೆ, ಸಂಖ್ಯೆ ಬೀಳುತ್ತದೆ, ಗಡಿಯಾರ ಓಡತೊಡಗುತ್ತದೆ. ಒಬ್ಬನ ಮೌಸ್ ಕೆಟ್ಟರೆ ಒಂದು ದಿನದ ಅವಕಾಶ. ಇಡೀ ಕಟ್ಟಡದ ನೆಟ್‌ವರ್ಕ್ ಹೋದರೆ ನಿಮಿಷಗಳ ಲೆಕ್ಕ. ಮೊದಲ ಹಂತದವರಿಂದ ಆಗದಿದ್ದರೆ ಎರಡನೇ ಹಂತ, ಅಲ್ಲೂ ಆಗದಿದ್ದರೆ ಸರ್ವರ್ ನೋಡುವ ಹಿರಿಯರು. ನಾನು ಮೊದಲ ಹಂತ. ದಿನಕ್ಕೆ ನಲವತ್ತು ಕರೆ ಬಂದರೆ ಹದಿನೈದು ಪಾಸ್‌ವರ್ಡಿನದು. ಉಳಿದವರಲ್ಲಿ ಹೆಚ್ಚಿನವರು ಶುರುಮಾಡುವುದು "ನಾನು ಏನೂ ಮುಟ್ಟಿಲ್ಲ" ಎಂಬ ಮಾತಿನಿಂದ. ಮುಟ್ಟಿರುತ್ತಾರೆ. ಆದರೆ ಮುಟ್ಟಿದ್ದೀರಿ ಎಂದು ಹೇಳಬಾರದು. "ಕೊನೆಯ ಸಲ ಸರಿ ಇದ್ದದ್ದು ಯಾವಾಗ?" ಎಂದು ಕೇಳಬೇಕು. ಆಗ ನಿಧಾನವಾಗಿ ಎಲ್ಲ ಹೊರಬರುತ್ತದೆ. ಡಾಕ್ಟರು ಹೊಟ್ಟೆ ನೋವಿನವನನ್ನು ನಿನ್ನೆ ಏನು ತಿಂದೆ ಎಂದು ಕೇಳುವ ಹಾಗೆ.

ಸೆಕ್ಯುರಿಟಿ ಮತ್ತು ಹೌಸ್‌ಕೀಪಿಂಗಿನವರಿಗೆ ಹಾಜರಿ ಹಾಕಲು ಮೊಬೈಲ್ ವ್ಯವಸ್ಥೆ ಬಂದಾಗ ಅವರ ಕರೆಗಳೂ ಶುರುವಾದವು. ಉತ್ತರ ಕರ್ನಾಟಕದ ಅಕ್ಕಂದಿರು, ಇಂಗ್ಲಿಷ್ ಕೇಳಿದರೆ ಫೋನ್ ಇಟ್ಟುಬಿಡುವವರು. ಹಾಜರಿ ಬೀಳದಿದ್ದರೆ ಅರ್ಧ ದಿನದ ಸಂಬಳ ಹೋಗುತ್ತದೆ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ಕನ್ನಡ, ಉರ್ದು ಅಷ್ಟಿಷ್ಟು ಗೊತ್ತಿದ್ದ ನನಗೆ ಆ ಕರೆಗಳೆಲ್ಲ ತಿರುಗಿ ಬರತೊಡಗಿದವು. ಆ ದಿನಗಳಲ್ಲಿ ಮೊದಲ ಸಲ ನನ್ನ ಕೆಲಸದ ಬಗ್ಗೆ ಸ್ವಲ್ಪ ಧೈರ್ಯ ಬಂತು.

2020ರ ಮಾರ್ಚಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರೂ ಕಂಡಿದ್ದೇವೆ. 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಗುವ ಹಿಂದಿನ ದಿನಗಳಲ್ಲಿ ನಾವು ಡೆಸ್ಕ್‌ಟಾಪುಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕ್ಯಾಬುಗಳಿಗೆ ತುಂಬಿ ಮನೆಮನೆಗೆ ಕಳಿಸಿದೆವು. ಯಾವ ಯಂತ್ರ ಯಾರ ಮನೆಗೆ ಹೋಯಿತೆಂದು ನಾನು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಎರಡು ವರ್ಷದ ನಂತರ ಲೆಕ್ಕ ಕೇಳಿದಾಗ ಕಂಪನಿಯ ಎಲ್ಲ ಸಾಫ್ಟ್‌ವೇರಿಗಿಂತ ಆ ಪುಸ್ತಕವೇ ಸರಿಯಿತ್ತು. ಆಮೇಲೆ ಹಳ್ಳಿಗಳಿಗೆ ಹೋದವರ ಕರೆಗಳು: ನೆಟ್ ಇಲ್ಲ, ನೆಟ್ ಇಲ್ಲ. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರಿನ ಕಡೆ ಮಗಳ ಆನ್‌ಲೈನ್ ಪಾಠಕ್ಕೆ ಅಪ್ಪ ಮಳೆಯಲ್ಲಿ ರಸ್ತೆ ಬದಿ ಕೊಡೆ ಹಿಡಿದು ನಿಂತ ಫೋಟೊ ಬಂತಲ್ಲ, ನಮ್ಮ ತಂಡದ ಬೆಂಗಳೂರಿನ ಹುಡುಗರು ಅದನ್ನು ಆಶ್ಚರ್ಯದಿಂದ ನೋಡಿದರು. ನನಗೆ ಆಶ್ಚರ್ಯವಾಗಲಿಲ್ಲ.

ಇನ್ನು ಹೇಳಲೇಬೇಕಾದದ್ದು ನನ್ನ ತಪ್ಪು.

2022ರ ಒಂದು ಸಂಜೆ, ಪಾಳಿ ಮುಗಿಯಲು ಹತ್ತು ನಿಮಿಷ. ಕರೆ ಬಂತು. ಗಂಭೀರ ದನಿ, ಒಳ್ಳೆಯ ಇಂಗ್ಲಿಷ್. ತಾನು ಹಣಕಾಸು ವಿಭಾಗದ ಮ್ಯಾನೇಜರ್, ವಿಮಾನ ನಿಲ್ದಾಣದಲ್ಲಿದ್ದೇನೆ, ಪಾಸ್‌ವರ್ಡ್ ಲಾಕ್ ಆಗಿದೆ, ಇನ್ನು ಇಪ್ಪತ್ತು ನಿಮಿಷದಲ್ಲಿ ವಿಮಾನ ಹತ್ತಬೇಕು ಎಂದ. ನೌಕರ ಸಂಖ್ಯೆ ಕೇಳಿದೆ, ಸರಿಯಾಗಿ ಹೇಳಿದ. ನಿಯಮದ ಪ್ರಕಾರ ಕರೆ ಕತ್ತರಿಸಿ, ದಾಖಲೆಯಲ್ಲಿರುವ ಮೊಬೈಲ್ ನಂಬರಿಗೆ ನಾನೇ ತಿರುಗಿ ಫೋನ್ ಮಾಡಬೇಕು. ಹಾಗೆಂದಾಗ ದನಿ ಏರಿತು. "ನಿನ್ನ ಹೆಸರೇನು? ನಿನ್ನ ಮ್ಯಾನೇಜರ್ ಯಾರು?"

ನಾನು ಪಾಸ್‌ವರ್ಡ್ ಬದಲಿಸಿ ಕೊಟ್ಟೆ.

ಆ ಮನುಷ್ಯ ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮ್ಯಾನೇಜರಂತೂ ಅಲ್ಲ, ಅವರು ಆಗ ತಮ್ಮ ಮನೆಯಲ್ಲಿದ್ದರು. ಅವರ ಮೇಲ್‌ನಿಂದ ಒಬ್ಬ ಸರಬರಾಜುದಾರನ ಬ್ಯಾಂಕ್ ಖಾತೆ ಸಂಖ್ಯೆ ಬದಲಿಸುವಂತೆ ಸೂಚನೆ ಹೋಗಿತ್ತು. ಲೆಕ್ಕದ ವಿಭಾಗದ ಒಬ್ಬ ಅಕ್ಕ, ಸಾರ್ ಹೀಗೆ ಬರೆಯುವವರಲ್ಲವಲ್ಲ ಎಂದು ಅನುಮಾನಪಟ್ಟು ಫೋನ್ ಮಾಡಿ ಕೇಳಿದ್ದರಿಂದ ಹಣ ಹೋಗಲಿಲ್ಲ. ನಾನು ಮಾಡದೆ ಬಿಟ್ಟ ಕೆಲಸವನ್ನು ಅವರು ಮಾಡಿದರು.

ಮರುದಿನ ಮೇಡಂ ಕರೆದು ಕೂರಿಸಿದರು. ಬೈಯುತ್ತಾರೆ ಎಂದುಕೊಂಡಿದ್ದೆ. "ಅವನ ಮೇಲೆ ಕನಿಕರ ಬಂತಾ, ಇಲ್ಲ ಹೆದರಿಕೆ ಆಯ್ತಾ?" ಎಂದು ಕೇಳಿದರು.

"ಹೆದರಿಕೆ ಮೇಡಂ."

"ಗೊತ್ತಿತ್ತು" ಎಂದರು. ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ. ಗುತ್ತಿಗೆ ನವೀಕರಣ ಮೂರು ತಿಂಗಳು ತಡೆಯಲ್ಲಿತ್ತು. ಆ ಮೂರು ತಿಂಗಳು ಮನೆಗೆ ಹಣ ಕಳಿಸುವಾಗಲೆಲ್ಲ ಇದು ಕೊನೆಯ ಕಂತೋ ಏನೋ ಎಂದು ಕೈ ತಡೆಯುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಈಗ ಇಲ್ಲಿ ಓದಿಯೇ ಅವರಿಗೆ ತಿಳಿಯಬೇಕು.

ಹೆದರಿಕೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ತೋಟದ ಯಜಮಾನರ ಎದುರು ಉಪ್ಪ ಮಾತಾಡುವಾಗ ಹೆಗಲಿನ ಟವೆಲ್ ಕೈಗೆ ಬರುತ್ತಿತ್ತು. ದೊಡ್ಡ ದನಿಗೆ "ಸರ್" ಎನ್ನುವುದು ನನ್ನ ನಾಲಿಗೆಗೆ ಹುಟ್ಟಿನಿಂದಲೇ ಇತ್ತು. ಫೋನ್ ಮಾಡಿದವನು ಕದ್ದದ್ದು ಪಾಸ್‌ವರ್ಡನ್ನಲ್ಲ, ಆ ಅಭ್ಯಾಸವನ್ನು. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲಾಸ್ ವೇಗಸ್ಸಿನ ಎಂಜಿಎಂ ಹೋಟೆಲುಗಳ ಗಣಕ ವ್ಯವಸ್ಥೆಗೆ ಕನ್ನ ಬಿತ್ತು. ಕೋಣೆಯ ಬಾಗಿಲಿನ ಕಾರ್ಡುಗಳೂ ಕೆಲಸ ಮಾಡಲಿಲ್ಲ. ನಷ್ಟ ಸುಮಾರು 10 ಕೋಟಿ ಡಾಲರ್ ಎಂದು ಕಂಪನಿಯೇ ಅಂದಾಜು ಹೇಳಿತು. ನೌಕರನಂತೆ ನಟಿಸಿ ಹೆಲ್ಪ್‌ಡೆಸ್ಕಿಗೆ ಮಾಡಿದ ಫೋನ್ ಕರೆಯಿಂದ ಶುರುವಾಯಿತು ಎಂದು ವರದಿಗಳು ಬಂದವು. ಮೇಡಂ ಆ ಸುದ್ದಿಯನ್ನು ಪ್ರಿಂಟ್ ತೆಗೆದು ನಮ್ಮ ಗೋಡೆಗೆ ಅಂಟಿಸಿದರು. ನನ್ನ ಕಡೆ ನೋಡಲಿಲ್ಲ, ಅದಕ್ಕೆ ಅವರಿಗೆ ನಾನು ಋಣಿ.

ಕೆಲವು ತಿಂಗಳ ನಂತರ ನಿಜವಾದ ಒಬ್ಬ ದೊಡ್ಡ ಅಧಿಕಾರಿ ಇದೇ ರೀತಿ ರೇಗಾಡುತ್ತ ಫೋನ್ ಮಾಡಿದರು. ಕಾಲು ನಡುಗುತ್ತಿತ್ತು. "ಸರ್, ನಾನು ತಿರುಗಿ ಫೋನ್ ಮಾಡುತ್ತೇನೆ" ಎಂದು ಕತ್ತರಿಸಿದೆ. ಮಾಡಿದೆ, ಅವರೇ ಎತ್ತಿದರು, ಪಾಸ್‌ವರ್ಡ್ ಕೊಟ್ಟೆ. ಸಂಜೆ ನನ್ನ ಮೇಲೆ ಲಿಖಿತ ದೂರು ಬಂತು, ವರ್ತನೆ ಸರಿಯಿಲ್ಲ ಎಂದು. ಮೇಡಂ ಆ ದೂರಿಗೆ ಉತ್ತರ ಬರೆದರು. ಅಧಿಕಾರಿ ಮತ್ತೆ ಏನೂ ಹೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಲಿಫ್ಟಿನಲ್ಲಿ ಈಗಲೂ ಸಿಗುತ್ತಾರೆ. ಅವರು ಫೋನ್ ನೋಡುತ್ತಾರೆ, ನಾನು ಅಂತಸ್ತಿನ ಸಂಖ್ಯೆ ನೋಡುತ್ತೇನೆ.

2024ರ ಜುಲೈ 19, ಶುಕ್ರವಾರ. ಆ ವಾರವೇ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಿತ್ತು. ಮಲೆನಾಡಿನವರೆಲ್ಲ ಊರಿನ ಗುಡ್ಡಗಳನ್ನು ನೆನೆದು ಹೆದರಿದ್ದರು. ಸಿರಿಮನೆಯ ಫೋನ್ ಹಿಂದಿನ ದಿನದಿಂದ ಸಿಗುತ್ತಿರಲಿಲ್ಲ. ಕರೆಂಟ್ ಹೋದರೆ ಟವರಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ನಿಮಗೂ ಗೊತ್ತು. ಸಂಜೆಯ ಬಸ್ಸಿಗೆ ಹೊರಟುಬಿಡೋಣ ಎಂದುಕೊಂಡೇ ಕೆಲಸಕ್ಕೆ ಬಂದಿದ್ದೆ.

ಬೆಳಿಗ್ಗೆ ಹತ್ತರ ಹೊತ್ತಿಗೆ ಪರದೆಗಳು ನೀಲಿಯಾಗತೊಡಗಿದವು. ಮೊದಲು ಒಂದು ಟಿಕೆಟ್, ಐದು ನಿಮಿಷದಲ್ಲಿ ನಲವತ್ತು, ಆಮೇಲೆ ಟಿಕೆಟ್ ಹಾಕಲು ಯಾರ ಕಂಪ್ಯೂಟರೂ ಇರಲಿಲ್ಲ, ಬರೀ ಫೋನು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಾಫ್ಟ್‌ವೇರಿನ ದೋಷವಿದ್ದ ಒಂದು ಫೈಲು ನಮ್ಮ ಸಮಯ 9.39ಕ್ಕೆ ಜಗತ್ತಿನಾದ್ಯಂತ ಹೋಗಿತ್ತು. 10.57ಕ್ಕೆ ಅವರು ಅದನ್ನು ಹಿಂತೆಗೆದುಕೊಂಡರು. ಆ ಒಂದು ಗಂಟೆ ಹದಿನೆಂಟು ನಿಮಿಷದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು ಎಂದು ಮೈಕ್ರೋಸಾಫ್ಟ್ ಆಮೇಲೆ ಲೆಕ್ಕ ಕೊಟ್ಟಿತು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟದ್ದು ನಿಮಗೆ ನೆನಪಿರಬಹುದು.

ಫೈಲು ಹಿಂತೆಗೆದರೂ ಬಿದ್ದ ಯಂತ್ರ ಏಳುವುದಿಲ್ಲ. ಏಳದ ಯಂತ್ರಕ್ಕೆ ದೂರದಿಂದ ಕೈ ಹಾಕಲು ಬರುವುದಿಲ್ಲ. ಪ್ರತಿಯೊಂದರ ಎದುರೂ ಒಬ್ಬ ಮನುಷ್ಯ ಕೂತು, ಸೇಫ್ ಮೋಡಿನಲ್ಲಿ ತೆರೆದು, ಆ ಒಂದು ಫೈಲನ್ನು ಅಳಿಸಿ, ಮತ್ತೆ ಚಾಲೂ ಮಾಡಬೇಕು. ಡಿಸ್ಕಿಗೆ ಬೀಗ ಹಾಕಿದ್ದರೆ ಅದಕ್ಕೂ ಮೊದಲು 48 ಅಂಕಿಗಳ ಕೀಲಿ ಸಂಖ್ಯೆಯನ್ನು ಟೈಪ್ ಮಾಡಬೇಕು, ಆರಾರು ಅಂಕಿಯ ಎಂಟು ಗುಂಪು. ಪ್ರತಿ ಯಂತ್ರಕ್ಕೂ ಬೇರೆ ಸಂಖ್ಯೆ. ಗುಡ್ಡದ ಎಲ್ಲ ಪೈಪುಗಳೂ ಒಂದೇ ದಿನ ಕಟ್ಟಿಕೊಂಡಂತೆ.

ರಾತ್ರಿ ಹತ್ತಕ್ಕೆ ಹುಬ್ಬಳ್ಳಿಯ ಗೋದಾಮಿನಿಂದ ಒಬ್ಬ ಅಕ್ಕನ ಕರೆ ಬಂತು. ಲಾರಿಗಳು ಬಿಲ್ಲಿಗಾಗಿ ಸಾಲುಗಟ್ಟಿ ನಿಂತಿದ್ದವು. ಮೊದಲು ಕತ್ತರಿಸಿ, ದಾಖಲೆಯ ನಂಬರಿಗೆ ತಿರುಗಿ ಫೋನ್ ಮಾಡಿದೆ. ಅಂಕಿ ಓದತೊಡಗಿದೆ. ಇಂಗ್ಲಿಷಿನಲ್ಲಿ ಫೈವ್‌ಗೂ ನೈನ್‌ಗೂ ಗೊಂದಲವಾಗಿ ಎರಡು ಸಲ ತಪ್ಪಿತು. ಅವರ ಗಂಟಲು ಕಟ್ಟಿತ್ತು. "ಅಕ್ಕಾ, ಕನ್ನಡದಲ್ಲಿ ಹೇಳ್ತೀನಿ, ಮಗ್ಗಿ ಹೇಳಿದ ಹಾಗೆ ನನ್ನ ಹಿಂದೆ ಹೇಳಿ" ಎಂದೆ. ಒಂಬತ್ತು, ನಾಲ್ಕು, ಸೊನ್ನೆ, ಐದು... ನಲವತ್ತೆಂಟು ಅಂಕಿ ಮುಗಿದಾಗ ಆ ಕಡೆಯಿಂದ ಕೇಳಿದ್ದು "ಬಂತ್ರೀ!" ಎಂಬ ಒಂದೇ ಕೂಗು. ಹಿಂದೆ ಲಾರಿ ಡ್ರೈವರುಗಳ ನಗು. ಆಮೇಲೆ ಆ ಗೋದಾಮಿನ ಉಳಿದ ಹನ್ನೊಂದು ಯಂತ್ರಗಳನ್ನೂ ಅವರೇ ಕೂತು ಏಳಿಸಿದರು. ನಾನು ಓದುವುದು, ಅವರು ಒತ್ತುವುದು. ಬೆಳಗಿನ ಜಾವ ನಾಲ್ಕಾಯಿತು.

ನನ್ನ ಬಸ್ಸು ಹೋಗಿತ್ತು. ಶನಿವಾರದ್ದೂ ಹೋಯಿತು. ಭಾನುವಾರ ಸಂಜೆ ಉಪ್ಪ ಶೃಂಗೇರಿಗೆ ಬಂದು ಅಲ್ಲಿಂದ ಫೋನ್ ಮಾಡಿದರು. ಎಲ್ಲ ಸರಿಯಿದ್ದೇವೆ ಮೋನೆ, ಕರೆಂಟಿಲ್ಲ ಅಷ್ಟೆ ಎಂದರು. ನೀರು ಬರುತ್ತಿದೆಯಾ ಎಂದು ಕೇಳಿದೆ. "ಮೊನ್ನೆ ನಿಂತಿತ್ತು. ಈಗ ಬರ್ತಿದೆ."

"ಯಾರು ಹೋಗಿದ್ದು ಮೇಲೆ?"

ಸ್ವಲ್ಪ ಹೊತ್ತು ಮಾತಿಲ್ಲ. ಉಪ್ಪನಿಗೆ ಅರವತ್ತೆರಡು, ಬಲಗಾಲಿನ ಮಂಡಿ ಮಡಚುವುದಿಲ್ಲ. "ಇಲ್ಲೇ ಹೋಗಿ ಬಂದೆ" ಎಂದರು.

ಅವತ್ತು ಮುನ್ನೂರಕ್ಕೂ ಹೆಚ್ಚು ಯಂತ್ರ ಏಳಿಸಿದ ತಂಡದಲ್ಲಿ ನಾನೂ ಇದ್ದೆ. ಫೋನ್ ಇಟ್ಟ ಮೇಲೆ ಮಾತ್ರ ಕಾರಿಡಾರಿನ ನೀರಿನ ಯಂತ್ರದ ಹತ್ತಿರ ಸುಮ್ಮನೆ ನಿಂತುಬಿಟ್ಟೆ.

ಈಗ ಕುತ್ತಿಗೆಯ ಪಟ್ಟಿ ನೀಲಿಯಾಗಿದೆ, ಎರಡನೇ ಹಂತಕ್ಕೆ ಬಂದಿದ್ದೇನೆ. ಆದರೆ ನಿಮಗೆ ಬಣ್ಣದ ಮಾತು ಹೇಳುವುದಿಲ್ಲ. ಪಾಸ್‌ವರ್ಡ್ ಬದಲಿಸುವಂಥ ಕೆಲಸವನ್ನು ಈಗ ಬಹಳ ಕಡೆ ಚಾಟ್‌ಬಾಟುಗಳು ಮಾಡುತ್ತಿವೆ. ನಾನು ಹತ್ತಿದ ಮೊದಲ ಮೆಟ್ಟಿಲು ನಿಮ್ಮ ಹೊತ್ತಿಗೆ ಇಷ್ಟು ಅಗಲ ಇರಲಿಕ್ಕಿಲ್ಲ. ರಾತ್ರಿ ಪಾಳಿ ಇದೆ, ಹಬ್ಬಕ್ಕೆ ರಜೆ ಸಿಗದ ವರ್ಷಗಳಿವೆ. ಬಿಸಿಎ ಆಗಲಿ ಡಿಪ್ಲೊಮಾ ಆಗಲಿ, ನೆಟ್‌ವರ್ಕ್ ಮತ್ತು ಲಿನಕ್ಸ್ ಸ್ವಲ್ಪ ಗಟ್ಟಿಯಾಗಿ ಕಲಿಯಿರಿ. ಇಂಗ್ಲಿಷ್ ಬಾರದು ಎಂದು ಹಿಂಜರಿಯಬೇಡಿ, ನಾನು ಅದನ್ನು ಕಲಿತದ್ದು ಬೈಸಿಕೊಂಡೇ.

ಪ್ರಥಮ ಪಿಯುಸಿಯ ತಮ್ಮಾ, ನಾನು ಯಾವ ಆ್ಯಪನ್ನೂ ಮಾಡಿಲ್ಲ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮೂರು ಕಂಪ್ಯೂಟರು ತೆರೆಯುತ್ತಿಲ್ಲ ಎಂದು ಸರ್ ಹೇಳಿದರು. ಮುಂದಿನ ರಜೆಯಲ್ಲಿ ಬರುತ್ತೇನೆ, ನೀನೂ ಬಾ, ಒಟ್ಟಿಗೆ ಬಿಚ್ಚಿ ನೋಡೋಣ. ಅಷ್ಟರಲ್ಲಿ ಒಂದು ಕೆಲಸ ಮಾಡು. ಒಂದೊಂದು ಯಂತ್ರವೂ ಕೊನೆಯ ಸಲ ಯಾವತ್ತು ಸರಿಯಿತ್ತು, ಅವತ್ತು ಯಾರು ಕೂತಿದ್ದರು, ಏನು ಮಾಡಿದರು ಎಂದು ವಿಚಾರಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಏನೂ ಮುಟ್ಟಿಲ್ಲ ಎಂದವರ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆ.